ಕೋರಸ್ ಹಾಡಿದ ಮಾತು ರೆಕಾರ್ಡಿಂಗ್‌ನಲ್ಲಿ ಕೇಳಿಸಬೇಕಾದರೆ ಎಷ್ಟು ಮೈಕ್ ಬೇಕು?

ಪ್ರಶ್ನೆ: ನಾನು ಮ್ಯಾಸಚೂಸೆಟ್ಸ್‌ನ ಒಂದು ಊರಿನ ಹವ್ಯಾಸಿ ಕೋರಸ್‌ನಲ್ಲಿ ಆಲ್ಟೋ (ಹೆಣ್ಣು ದನಿಗಳಲ್ಲಿ ಕೆಳಗಿನ ಭಾಗ) ಹಾಡುತ್ತೇನೆ. ನಾವು ಸುಮಾರು 60 ಜನ. ಬರುವ ವಸಂತದಲ್ಲಿ ಪಕ್ಕದೂರಿನ 45 ಜನರ ಆರ್ಕೆಸ್ಟ್ರಾ ಜೊತೆ ಎರಡು ಕೃತಿ ಹಾಡಿ ಆಲ್ಬಮ್ ಮಾಡಬೇಕು ಅಂದುಕೊಂಡಿದ್ದೇವೆ. ಒಂದು, ಇಲ್ಲಿಯ ಸಂಯೋಜಕಿಯೊಬ್ಬರು ನಮಗೆಂದೇ ಬರೆದ 25 ನಿಮಿಷದ ಹೊಸ ಕೃತಿ. ಅದರ ಕವಿತೆಗಳು ಕೆಲವೇ ವರ್ಷಗಳ ಹಿಂದೆ ತೀರಿಕೊಂಡ ಅಮೆರಿಕನ್ ಕವಿಯೊಬ್ಬರವು. ಇನ್ನೊಂದು, ಲಿಯೊನಾರ್ಡ್ ಬರ್ನ್‌ಸ್ಟೈನ್ ಅವರ ‘ಚಿಚೆಸ್ಟರ್ ಸಾಮ್ಸ್’. ಜಾಗ ನಮ್ಮೂರಿನ ಹಳೆಯ ಕಲ್ಲಿನ ಚರ್ಚ್. ಕಳೆದ ವರ್ಷ ಅಲ್ಲೇ ಒಂದು ಕಾರ್ಯಕ್ರಮ ರೆಕಾರ್ಡ್ ಮಾಡಿಸಿದ್ದೆವು. ಟ್ರಂಪೆಟ್, ಡ್ರಮ್ ಎಲ್ಲ ಚೆನ್ನಾಗಿ ಬಂದಿವೆ. ನಾವು ಮಾತ್ರ ಪಕ್ಕದ ಮನೆಯಲ್ಲಿ ಹಾಡಿದ ಹಾಗಿದೆ, ಒಂದು ಪದವೂ ತಿಳಿಯುವುದಿಲ್ಲ. ನನ್ನ ಗಂಡ ಕನ್ನಡ ಕೂಟದ ಕಾರ್ಯಕ್ರಮಗಳಿಗೆ ಸೌಂಡ್ ನೋಡಿಕೊಳ್ಳುತ್ತಾರೆ. ಮೂರು ಜನಕ್ಕೊಂದು ಮೈಕ್ ಇಟ್ಟರೆ ಆಯ್ತು ಅಂತಾರೆ. ಕಮಿಟಿಯ ಹಿರಿಯರೊಬ್ಬರು, ಹಿಂದೆ ಮರ್ಕ್ಯುರಿ ಎಂಬ ರೆಕಾರ್ಡ್ ಕಂಪನಿಯವರು ಬರೀ ಮೂರು ಮೈಕ್‌ನಲ್ಲಿ ಅದ್ಭುತ ಕೆಲಸ ಮಾಡಿದ್ದರು, ನಮಗೂ ಅಷ್ಟೇ ಸಾಕು ಅಂತಾರೆ. ಇನ್ನೊಬ್ಬರು, ಆರ್ಕೆಸ್ಟ್ರಾ ಮೊದಲು ಮುಗಿಸಿ ಕೋರಸ್ ಆಮೇಲೆ ಬೇರೆಯಾಗಿ ಹಾಡಿಸೋಣ ಅಂತಾರೆ. ಕೆಲವು ಸೆಂಟ್ ಕಟ್ಟಿದರೆ ಯಾವ ಕೃತಿಯನ್ನಾದರೂ ರೆಕಾರ್ಡ್ ಮಾಡಬಹುದು ಎಂಬ ಮಾತೂ ಬಂತು. ಯೂಟ್ಯೂಬ್‌ಗೆ ವಿಡಿಯೋ ಹಾಕುವ ಆಸೆಯೂ ಇದೆ. ಯಾರ ಮಾತು ಕೇಳಬೇಕು?

ಉತ್ತರ: ನೀವು ಕೇಳಿದ ಪ್ರಶ್ನೆಗಳು ಹಲವು, ಚಿಂತೆ ಒಂದೇ. ಇಷ್ಟು ತಿಂಗಳು ಕಲಿತು, ಇಷ್ಟು ದುಡ್ಡು ಹಾಕಿ ಹಾಡಿದ ಮೇಲೆ ಸಾಹಿತ್ಯವೇ ಕೇಳಿಸದಿದ್ದರೆ ಏನು ಮಾಡುವುದು? ಆರ್ಕೆಸ್ಟ್ರಾ, ಕೋರಸ್ ರೆಕಾರ್ಡ್ ಮಾಡುವುದೇ ನನ್ನ ಕೆಲಸ. ನನ್ನ ಹತ್ತಿರ ಬರುವ ಕೋರಸ್‌ಗಳಲ್ಲಿ ಹೆಚ್ಚಿನವರು ಇದೇ ದೂರು ಹೊತ್ತು ಬರುತ್ತಾರೆ. ಹಾಗಾಗಿ ಮುಖ್ಯ ಮಾತು ಮೊದಲೇ ಹೇಳಿಬಿಡುತ್ತೇನೆ. ಕಳೆದ ವರ್ಷ ನಿಮ್ಮ ದನಿ ದೂರವಾದದ್ದಕ್ಕೆ ಮೈಕ್‌ಗಳ ಸಂಖ್ಯೆ ಕಾರಣವಲ್ಲ. ನೀವು ಎಲ್ಲಿ ನಿಂತಿದ್ದಿರಿ, ನಿಮ್ಮ ಮುಂದೆ ಯಾರು ಕೂತಿದ್ದರು, ಆ ಚರ್ಚ್ ದನಿಯನ್ನು ಎಷ್ಟು ಹೊತ್ತು ಹಿಡಿದಿಟ್ಟುಕೊಳ್ಳುತ್ತದೆ, ಕಾರಣ ಇವು ಮೂರು.

ಮೊದಲು ಮೂರು ಮೈಕ್‌ನ ಮಾತು. ನಿಮ್ಮ ಹಿರಿಯರು ಹೇಳಿದ್ದು ನಿಜ. ಮರ್ಕ್ಯುರಿಯ ಇಂಜಿನಿಯರ್ ಸಿ. ರಾಬರ್ಟ್ ಫೈನ್ 1951ರಲ್ಲಿ ರಾಫೆಲ್ ಕೂಬೆಲಿಕ್ ನಡೆಸಿದ ಶಿಕಾಗೋ ಸಿಂಫನಿಯನ್ನು ಒಂದೇ ಮೈಕ್ ತೂಗುಹಾಕಿ ರೆಕಾರ್ಡ್ ಮಾಡಿದರು. 1955ರಲ್ಲಿ ಮರ್ಕ್ಯುರಿ ಸ್ಟೀರಿಯೊದಲ್ಲಿ ರೆಕಾರ್ಡ್ ಮಾಡಲು ಶುರು ಮಾಡಿದಾಗ ಒಂದು ಇದ್ದದ್ದು ಮೂರಾಯಿತು. ವಿಲ್ಮಾ ಕೊಝಾರ್ಟ್ ನಿರ್ಮಾಪಕಿ. ಇದೇ ತಂಡ ರೊಚೆಸ್ಟರ್‌ನ ಈಸ್ಟ್‌ಮನ್ ಥಿಯೇಟರ್‌ನಲ್ಲಿ ಹೊವರ್ಡ್ ಹ್ಯಾನ್ಸನ್ ಜೊತೆ ಅಮೆರಿಕನ್ ಕೃತಿಗಳನ್ನು ಸಾಲುಸಾಲಾಗಿ ರೆಕಾರ್ಡ್ ಮಾಡಿತು. ವಾಲ್ಟ್ ವಿಟ್ಮನ್ ಸಾಹಿತ್ಯಕ್ಕೆ ಹ್ಯಾನ್ಸನ್ ಬರೆದ ‘ಸಾಂಗ್ ಆಫ್ ಡೆಮಾಕ್ರಸಿ’ ಅದರಲ್ಲೊಂದು, ಅದರಲ್ಲಿ ಕೋರಸ್ ಕೂಡ ಇದೆ. ಅಂದರೆ ಕಡಿಮೆ ಮೈಕ್‌ನಲ್ಲಿ ಕೋರಸ್ ಬರುವುದೇ ಇಲ್ಲ ಅನ್ನುವ ಹಾಗಿಲ್ಲ.

ಆದರೆ ಅಲ್ಲಿಯ ಸ್ಥಿತಿ ನೋಡಿ. ಹ್ಯಾನ್ಸನ್ 1924ರಿಂದ 1964ರವರೆಗೆ ಈಸ್ಟ್‌ಮನ್ ಸಂಗೀತ ಶಾಲೆಯ ಮುಖ್ಯಸ್ಥರಾಗಿದ್ದವರು. ಹೊಸ ಅಮೆರಿಕನ್ ಕೃತಿಗಳ ಕಾರ್ಯಕ್ರಮಗಳನ್ನು 1925ರಿಂದಲೇ ನಡೆಸಿಕೊಂಡು ಬಂದವರು. ವಾದಕರಿಗೆ ಆ ಹಾಲ್ ಗೊತ್ತು, ಆ ಬಗೆಯ ಸಂಗೀತ ಗೊತ್ತು, ಎದುರಿಗೆ ನಿಂತು ಕೈಸನ್ನೆಯಿಂದ ವಾದಕರನ್ನು ನಡೆಸುವ ಕಂಡಕ್ಟರ್ ಸ್ವತಃ ಸಂಯೋಜಕ. ಯಾವ ವಾದ್ಯ ಎಷ್ಟು ಕೇಳಿಸಬೇಕು ಅನ್ನುವುದು ವೇದಿಕೆಯ ಮೇಲೇ ಇತ್ಯರ್ಥವಾಗುತ್ತಿತ್ತು. ಮೈಕ್ ಅದನ್ನು ಹಾಗೇ ಹಿಡಿಯುತ್ತಿತ್ತು. ಮೂರೇ ಮೈಕ್ ಇದ್ದರೆ ಆಮೇಲೆ ಆಲ್ಟೋಗಳನ್ನು ಸ್ವಲ್ಪ ಏರಿಸೋಣ ಅನ್ನುವ ಅವಕಾಶವೇ ಇರುವುದಿಲ್ಲ. ತಿಂಗಳುಗಟ್ಟಲೆ ಜೊತೆಯಲ್ಲಿ ನುಡಿಸಿದ ವೃತ್ತಿಪರರಿಗೆ ಅದು ಸರಿ. ಎರಡು ರಿಹರ್ಸಲ್‌ನಲ್ಲಿ ಆರ್ಕೆಸ್ಟ್ರಾ ಜೊತೆ ಸೇರುವ ಹವ್ಯಾಸಿ ಕೋರಸ್‌ಗೆ ಅದು ದೊಡ್ಡ ಜೂಜು.

ಇನ್ನು ನಿಮ್ಮ ಯಜಮಾನರ ಮಾತು. ಅವರ ಅನುಭವವೂ ಸುಳ್ಳಲ್ಲ. ಸುಗಮ ಸಂಗೀತ, ಸಿನಿಮಾ ಹಾಡು ಕೇಳಿ ಬೆಳೆದ ನಮ್ಮ ಕಿವಿಗೆ ದನಿ ಅಂದರೆ ಬಾಯಿಯ ಪಕ್ಕದ ಮೈಕ್‌ನ ದನಿ. ಉಸಿರು, ತುಟಿ ಎಲ್ಲ ಕೇಳಿಸಬೇಕು. ಕೂಟದ ವೇದಿಕೆಯಲ್ಲಿ ನಾಲ್ಕು ಜನ ಹಾಡುವಾಗ ಅದೇ ಸರಿಯಾದ ದಾರಿ. ಆದರೆ 60 ಜನರ ಕೋರಸ್‌ಗೆ 20 ಮೈಕ್ ಹತ್ತಿರ ಇಟ್ಟರೆ ಆಗುವುದೇ ಬೇರೆ. ಪ್ರತಿ ಮೈಕ್ ತನ್ನ ಮುಂದಿನ ಒಬ್ಬರನ್ನು ಎತ್ತಿ ಹಿಡಿಯುತ್ತದೆ. ಯಾರ ದನಿ ಚೂಪಾಗಿದೆಯೋ ಅವರೇ ಇಡೀ ಸಾಲನ್ನು ನುಂಗುತ್ತಾರೆ. ಒಬ್ಬರದೇ ದನಿ ಹಲವು ಮೈಕ್‌ಗಳಿಗೆ ಚೂರುಚೂರು ತಡವಾಗಿ ಸೇರಿ, ಎಲ್ಲ ಕೂಡಿಸಿದಾಗ ಟೊಳ್ಳಾಗುತ್ತದೆ. 60 ದನಿ ಬೆರೆತು ಒಂದು ದನಿ ಆಗುವುದೇ ಕೋರಸ್‌ನ ಜೀವ. ಆ ಬೆರಕೆ ಗಾಳಿಯಲ್ಲಿ ಆಗಬೇಕು. ಅದಕ್ಕೆ ಮೈಕ್ ಮತ್ತು ಬಾಯಿಯ ನಡುವೆ ಒಂದಷ್ಟು ಜಾಗ ಬೇಕೇ ಬೇಕು.

ಎಷ್ಟು ಜಾಗ ಅನ್ನುವುದನ್ನು ಹಾಲ್ ಹೇಳುತ್ತದೆ. ಇದಕ್ಕೆ ಒಂದು ಲೆಕ್ಕವಿದೆ. ಹಾಡುವವರ ಹತ್ತಿರ ಇದ್ದಾಗ ಮೈಕ್‌ಗೆ ನೇರ ದನಿ ಜಾಸ್ತಿ ಸಿಗುತ್ತದೆ. ದೂರ ಹೋದಂತೆ ಗೋಡೆ, ಚಾವಣಿಗೆ ಬಡಿದು ಬಂದ ದನಿ ಜಾಸ್ತಿಯಾಗುತ್ತದೆ. ಎರಡೂ ಸಮವಾಗುವ ಒಂದು ದೂರ ಇರುತ್ತದೆ. ನಿಮ್ಮ ಚರ್ಚ್ 40 ಮೀಟರ್ ಉದ್ದ, 18 ಮೀಟರ್ ಅಗಲ, 12 ಮೀಟರ್ ಎತ್ತರ ಇದೆ ಅಂತ ಇಟ್ಟುಕೊಳ್ಳೋಣ. ಚಪ್ಪಾಳೆ ತಟ್ಟಿದರೆ ದನಿ ಪೂರ್ತಿ ಅಡಗಲು 4 ಸೆಕೆಂಡ್ ಬೇಕು ಅನ್ನೋಣ. ಕಲ್ಲಿನ ಚರ್ಚ್‌ಗೆ ಅದು ಹೆಚ್ಚೇನಲ್ಲ. ಆಗ ಆ ದೂರ ಸುಮಾರು 2.6 ಮೀಟರ್ ಮಾತ್ರ. ಅಷ್ಟೇ ದೊಡ್ಡ ಹಾಲ್‌ನಲ್ಲಿ ದನಿ 2 ಸೆಕೆಂಡ್‌ಗೆ ಅಡಗುವಂತಿದ್ದರೆ ಅದು 3.7 ಮೀಟರ್ ಆಗುತ್ತದೆ. ಒಳ್ಳೆಯ ಸಿಂಫನಿ ಹಾಲ್‌ಗಳು ಹೆಚ್ಚುಕಡಿಮೆ ಈ 2 ಸೆಕೆಂಡ್‌ನ ಆಸುಪಾಸಿನಲ್ಲೇ ಇರುತ್ತವೆ.

ಈಗ ಕಳೆದ ವರ್ಷದ ಕಾರ್ಯಕ್ರಮ ನೆನಪಿಸಿಕೊಳ್ಳಿ. ಮುಖ್ಯ ಮೈಕ್‌ಗಳು ಕಂಡಕ್ಟರ್ ತಲೆಯ ಮೇಲೆ ಇದ್ದಿರಬೇಕು. ಮಾಮೂಲಾಗಿ ಇಡುವುದೇ ಅಲ್ಲಿ. ಅಲ್ಲಿಂದ ಪಿಟೀಲುಗಳು 3-4 ಮೀಟರ್. ನೀವು ಆರ್ಕೆಸ್ಟ್ರಾ ಹಿಂದೆ, ಮೆಟ್ಟಿಲುಗಳ ಮೇಲೆ, 12 ಮೀಟರ್ ಆಚೆ. ಆ ಮೈಕ್‌ಗೆ ನಿಮ್ಮ ನೇರ ದನಿ ತಲುಪಿದ್ದೇ ಕಡಿಮೆ. ತಲುಪಿದ್ದೆಲ್ಲ ಚರ್ಚ್‌ನ ಗೋಡೆ ಸುತ್ತಿ ಬಂದ ದನಿ. ಸ್ವರಗಳು ಆ ದಾರಿಯಲ್ಲಿ ಉಳಿದುಕೊಳ್ಳುತ್ತವೆ, ವ್ಯಂಜನಗಳು ಉಳಿಯುವುದಿಲ್ಲ. ತ, ಕ, ಸ ಮುಂತಾದವು ಕ್ಷಣಕಾಲದ, ಸಣ್ಣ ಶಕ್ತಿಯ ಸದ್ದುಗಳು. ಹಿಂದಿನ ಸ್ವರದ ಬಾಲ ಅವುಗಳ ಮೇಲೆ ಬಿದ್ದು ಮುಚ್ಚಿಬಿಡುತ್ತದೆ. ಮಾತು ತಿಳಿಯಬೇಕಾದರೆ ವ್ಯಂಜನ ಬೇಕು. ಅದಕ್ಕೇ ನಿಮ್ಮ ಹಾಡು ಕೇಳಿಸಿತು, ಸಾಹಿತ್ಯ ಕೇಳಿಸಲಿಲ್ಲ.

ಕೋರಸ್‌ಗೆಂದು ಬೇರೆ ಮೈಕ್ ಇಟ್ಟಿದ್ದರೂ ಪೂರ್ತಿ ಸರಿಯಾಗುತ್ತಿರಲಿಲ್ಲ. ನಿಮ್ಮ ಮುಂದೆ ಯಾರಿದ್ದರು? ಟ್ರಂಪೆಟ್, ಟ್ರೊಂಬೋನ್, ಪರ್ಕಶನ್. ನಿಮ್ಮ ಮೈಕ್‌ಗೆ ಅವರೇ ಹತ್ತಿರ. ಕೋರಸ್ ಕೇಳಿಸಲಿ ಅಂತ ಮಿಕ್ಸಿಂಗ್‌ನಲ್ಲಿ ಆ ಮೈಕ್ ಏರಿಸಿದರೆ ಸಿಂಬಲ್ಸ್ ಮೊದಲು ಏರುತ್ತದೆ, ನೀವು ಆಮೇಲೆ. ಜೊತೆಗೆ ಸಮಯದ ತೊಡಕು. ದನಿ ಸೆಕೆಂಡ್‌ಗೆ ಸುಮಾರು 343 ಮೀಟರ್ ಹೋಗುತ್ತದೆ. 12 ಮೀಟರ್ ದಾಟಲು ಅದಕ್ಕೆ 35 ಮಿಲಿಸೆಕೆಂಡ್ ಬೇಕು. ಹತ್ತಿರದ ಮೈಕ್‌ನಲ್ಲಿ ನಿಮ್ಮ ‘ತ’ ಮೊದಲು ಬರುತ್ತದೆ, ಮುಖ್ಯ ಮೈಕ್‌ನಲ್ಲಿ ಅದೇ ‘ತ’ ಇನ್ನೊಮ್ಮೆ ಬರುತ್ತದೆ. ಎರಡು ಸೇರಿದರೆ ಅಂಚು ಕದಡಿಹೋಗುತ್ತದೆ. ಇದನ್ನು ಸರಿಪಡಿಸಬಹುದು. ಕೋರಸ್ ನಿಂತ ಜಾಗದಲ್ಲಿ ಒಬ್ಬರು ಚಪ್ಪಾಳೆ ತಟ್ಟಿ, ಎರಡು ಮೈಕ್‌ಗಳ ನಡುವಿನ ಅಂತರ ನೋಡಿ, ಹತ್ತಿರದ ಮೈಕ್ ಅನ್ನು ಅಷ್ಟು ತಡ ಮಾಡಬೇಕು. ನಿಮ್ಮ ಇಂಜಿನಿಯರ್ ಇದನ್ನು ಮಾಡುತ್ತಾರಾ ಅಂತ ಮೊದಲೇ ಕೇಳಿ. ಇದು ಐದು ನಿಮಿಷದ ಕೆಲಸ, ಬಿಟ್ಟರೆ ಆಮೇಲೆ ಪಶ್ಚಾತ್ತಾಪ.

ಹಾಗಾದರೆ ಮಾಡಬೇಕಾದದ್ದೇನು? ಕೋರಸ್ ಅನ್ನು ಆರ್ಕೆಸ್ಟ್ರಾ ಹಿಂದಿನಿಂದ ಹೊರಗೆ ತನ್ನಿ. ರೆಕಾರ್ಡಿಂಗ್‌ಗೆಂದೇ ಸೇರುವ, ಕೇಳುವ ಜನ ಇಲ್ಲದ ಸೆಷನ್‌ನಲ್ಲಿ ಇದು ಸುಲಭ. ಆರ್ಕೆಸ್ಟ್ರಾ ವೇದಿಕೆಯ ಕಡೆ ಕೂರಲಿ. ನೀವು ಚರ್ಚ್‌ನ ನಡುವೆ, ಜನ ಕೂರುವ ಜಾಗದಲ್ಲಿ, ಕಂಡಕ್ಟರ್ ಕಡೆ ಮುಖ ಮಾಡಿ ನಿಲ್ಲಿ. ಕಂಡಕ್ಟರ್ ನಡುವೆ ನಿಲ್ಲುತ್ತಾರೆ, ಎರಡೂ ಕಡೆ ಅವರಿಗೆ ಹತ್ತಿರ. ಕೋರಸ್‌ಗಾಗಿ ನಾಲ್ಕು ಮೈಕ್, ಒಂದು ದಿಕ್ಕನ್ನು ಮಾತ್ರ ಚೆನ್ನಾಗಿ ಹಿಡಿಯುವ ಕಾರ್ಡಿಯಾಯ್ಡ್ ಜಾತಿಯವು. ಮೊದಲ ಸಾಲಿನಿಂದ 2 ಮೀಟರ್ ಮುಂದೆ, 3 ಮೀಟರ್ ಎತ್ತರದಲ್ಲಿ, ಮೂತಿ ಹಿಂದಿನ ಸಾಲಿನ ಕಡೆಗೆ. ಹೀಗೆ ಮಾಡಿದರೆ ಮುಂದಿನವರು ಮೈಕ್‌ಗೆ ತೀರ ಹತ್ತಿರ ಆಗುವುದಿಲ್ಲ, ಹಿಂದಿನವರು ತೀರ ದೂರ ಆಗುವುದಿಲ್ಲ. ಕಾರ್ಡಿಯಾಯ್ಡ್ ಮೈಕ್ ಹಿಂದಿನಿಂದ ಬರುವ ಆರ್ಕೆಸ್ಟ್ರಾ ದನಿಯನ್ನು ಸಾಕಷ್ಟು ತಡೆಯುತ್ತದೆ. ಇನ್ನೊಂದು ಲಾಭ, ಎಲ್ಲ ದಿಕ್ಕಿನಿಂದಲೂ ಕೇಳುವ ಮೈಕ್ 1 ಮೀಟರ್‌ನಲ್ಲಿ ಗೋಡೆಗೆ ಬಡಿದು ಬಂದ ದನಿಯನ್ನು ಎಷ್ಟು ಹಿಡಿಯುತ್ತದೋ ಕಾರ್ಡಿಯಾಯ್ಡ್ ಅಷ್ಟನ್ನು 1.7 ಮೀಟರ್‌ನಲ್ಲಿ ಹಿಡಿಯುತ್ತದೆ. ಅಂದರೆ ಅದೇ ಸ್ಪಷ್ಟತೆಗೆ ಸ್ವಲ್ಪ ದೂರ ನಿಲ್ಲಬಹುದು, ಬೆರಕೆಯೂ ಉಳಿಯುತ್ತದೆ.

ಇದರಲ್ಲಿ ಅಪಾಯವೂ ಇದೆ. ಅದನ್ನು ಮುಚ್ಚಿಡುವುದಿಲ್ಲ. ನೀವು ಆರ್ಕೆಸ್ಟ್ರಾವನ್ನು ಎದುರಿನಿಂದ ಕೇಳುತ್ತೀರಿ, ದೂರದ ಡ್ರಮ್ ತಡವಾಗಿ ಕೇಳಿಸುತ್ತದೆ. ಕಿವಿಗೆ ಬಿದ್ದ ತಾಳಕ್ಕೆ ಹಾಡಿದರೆ ಹಿಂದೆ ಬೀಳುತ್ತೀರಿ. ಕಂಡಕ್ಟರ್ ಕೈ ನೋಡಿಯೇ ಹಾಡಬೇಕು. ಒಂದು ರಿಹರ್ಸಲ್ ಪೂರ್ತಿ ಇದೇ ಜೋಡಣೆಯಲ್ಲಿ ಮಾಡಿ. ಅದಿಲ್ಲದೆ ಸೆಷನ್ ದಿನ ಮೊದಲ ಸಲ ಹೀಗೆ ನಿಂತರೆ ಅರ್ಧ ದಿನ ಅದಕ್ಕೇ ಹೋಗುತ್ತದೆ.

ಆರ್ಕೆಸ್ಟ್ರಾ ಮೇಲೆ ಎಲ್ಲ ದಿಕ್ಕಿನಿಂದಲೂ ಕೇಳುವ ಮೂರು ಓಮ್ನಿ ಮೈಕ್‌ಗಳ ಡೆಕ್ಕಾ ಟ್ರೀ ಎಂಬ ಜೋಡಣೆ ನನ್ನ ಆಯ್ಕೆ. ಎಡ-ಬಲ ಸುಮಾರು 2 ಮೀಟರ್ ಅಂತರ, ನಡುವಿನದು ಸ್ವಲ್ಪ ಮುಂದೆ. ಕೆಳಗಿನ ಸ್ವರಗಳನ್ನು ಓಮ್ನಿ ತುಂಬಿಕೊಂಡು ಹಿಡಿಯುತ್ತದೆ. ಬದಿಗೆ ಎರಡು, ಕೊಳಲು, ಕ್ಲಾರಿನೆಟ್‌ಗಳ ಸಾಲಿಗೆ ಎರಡು, ಹಾರ್ಪ್‌ಗೆ ಒಂದು, ಡಬಲ್ ಬೇಸ್‌ಗೆ ಒಂದು, ಪರ್ಕಶನ್‌ಗೆ ಎರಡು. ಕೋರಸ್‌ನ ನಾಲ್ಕು ಸೇರಿ 15. ನಿಮ್ಮ ಯಜಮಾನರ ಲೆಕ್ಕಕ್ಕೂ ಹಿರಿಯರ ಲೆಕ್ಕಕ್ಕೂ ನಡುವಿನದು. ಆದರೆ ನಡುವಿನದು ಅನ್ನುವ ಕಾರಣಕ್ಕೆ ಅದು ಸರಿಯಲ್ಲ. ಮುಕ್ಕಾಲು ಪಾಲು ಚಿತ್ರ ಆ ಮೂರು ಮೈಕ್‌ನಿಂದಲೇ ಬರಬೇಕು, ಉಳಿದವು ತಿದ್ದುವುದಕ್ಕೆ ಮಾತ್ರ. ಉಳಿದವನ್ನು ಪೂರ್ತಿ ಇಳಿಸಿದರೂ ಸಂಗೀತ ಕೇಳುವ ಹಾಗಿದ್ದರೆ ಜೋಡಣೆ ಸರಿಯಾಗಿದೆ ಅಂತ ಅರ್ಥ.

ಇಲ್ಲಿಯವರೆಗೆ ಹೇಳಿದ್ದು ಯಾವ ಕಾಲದ ಕೋರಸ್ ಕೃತಿಗೂ ಹೊಂದುತ್ತದೆ. ಹೊಸ ಅಮೆರಿಕನ್ ಸಂಗೀತದಲ್ಲಿ ಇನ್ನೊಂದು ವಿಷಯ ಕೇಳಿಕೊಳ್ಳಬೇಕು, ಅದನ್ನು ಬಹಳ ಜನ ಮರೆಯುತ್ತಾರೆ. ಸಂಯೋಜಕಿ ಮನಸ್ಸಿನಲ್ಲಿ ಯಾವ ದನಿ ಇತ್ತು? ಸ್ಟೀವ್ ರೈಷ್ ಬರೆದ, 1984ರಲ್ಲಿ ಮೊದಲು ಪ್ರದರ್ಶನವಾದ ‘ದಿ ಡೆಸರ್ಟ್ ಮ್ಯೂಸಿಕ್’ನಲ್ಲಿ ಕೋರಸ್‌ಗೆ ಮೈಕ್ ಇರಬೇಕು ಅಂತ ಸ್ಕೋರ್‌ನಲ್ಲೇ (ಬರೆದ ಸಂಗೀತದ ಪ್ರತಿಯಲ್ಲೇ) ಇದೆ. ಕಂಪನವಿಲ್ಲದ, ಹಗುರ ದನಿ ಆರ್ಕೆಸ್ಟ್ರಾ ಮೇಲೆ ತೇಲಬೇಕು ಎಂಬುದು ಆ ಸಂಗೀತದ ಲಕ್ಷಣ. ಅಲ್ಲಿ ಮೈಕ್ ವಾದ್ಯದ ಭಾಗ. ಜಾನ್ ಆಡಮ್ಸ್ ಅವರ ‘ಆನ್ ದಿ ಟ್ರಾನ್ಸ್‌ಮೈಗ್ರೇಶನ್ ಆಫ್ ಸೋಲ್ಸ್’ ಇನ್ನೊಂದು ಬಗೆ. 2001ರ ಸೆಪ್ಟೆಂಬರ್ 11ರಲ್ಲಿ ಸತ್ತವರ ನೆನಪಿಗೆ ನ್ಯೂಯಾರ್ಕ್ ಫಿಲ್‌ಹಾರ್ಮೋನಿಕ್ ಬರೆಸಿದ ಕೃತಿ, 2002ರ ಸೆಪ್ಟೆಂಬರ್‌ನಲ್ಲಿ ಮೊದಲು ನುಡಿಸಿದ್ದು. ಅದರಲ್ಲಿ ದೊಡ್ಡವರ ಕೋರಸ್, ಮಕ್ಕಳ ಕೋರಸ್ ಜೊತೆಗೆ ಬೀದಿಯ ಸದ್ದು, ಹೆಸರು ಓದುವ ದನಿಗಳು ಮೊದಲೇ ರೆಕಾರ್ಡ್ ಆಗಿ ಸ್ಪೀಕರ್‌ನಲ್ಲಿ ಬರುತ್ತವೆ. ಇಂಥ ಕೃತಿಯಲ್ಲಿ ಸ್ಪೀಕರ್ ದನಿಯನ್ನು ಹಾಲ್‌ನ ಮೈಕ್‌ನಿಂದ ಹಿಡಿಯಬಾರದು. ವಾದಕರಿಗೆ ಕೇಳಿಸುವಷ್ಟು ಸಣ್ಣಗೆ ಹಾಕಿ, ಮೂಲ ಫೈಲನ್ನು ಆಮೇಲೆ ನೇರ ಸೇರಿಸಬೇಕು.

ಜೂಲಿಯಾ ವುಲ್ಫ್ ಅವರ ‘ಫೈರ್ ಇನ್ ಮೈ ಮೌತ್’ ನೋಡಿ. 1911ರಲ್ಲಿ ನ್ಯೂಯಾರ್ಕ್‌ನ ಟ್ರಯಾಂಗಲ್ ಬಟ್ಟೆ ಕಾರ್ಖಾನೆಯ ಬೆಂಕಿಯಲ್ಲಿ 146 ಜನ ಸತ್ತರು. ಹೆಚ್ಚಿನವರು ಎಳೆಯ ಹೆಣ್ಣುಮಕ್ಕಳು. 2019ರ ಜನವರಿಯಲ್ಲಿ ನಡೆದ ಮೊದಲ ಪ್ರದರ್ಶನದಲ್ಲಿ 146 ಹೆಣ್ಣು ದನಿಗಳೇ ಹಾಡಿದವು. ಆ ಪ್ರದರ್ಶನಗಳಿಂದಲೇ ಆಲ್ಬಮ್ ಬಂತು. ಅದರಲ್ಲಿ ಹಾಡುವವರ ಕೈಯಲ್ಲಿ ಕತ್ತರಿಗಳಿವೆ, ಆ ಕತ್ತರಿ ಸದ್ದೂ ಸಂಗೀತ. ನನಗೆ ಇಂಥದ್ದು ಕೇಳಿದಾಗ ಈ ಕೆಲಸದ ಮೇಲೆ ಮತ್ತೆ ಪ್ರೀತಿ ಹುಟ್ಟುತ್ತದೆ. ಗದ್ದಲ ಅಂತ ತೆಗೆದುಹಾಕಬೇಕಾದದ್ದು ಯಾವುದು, ಸಂಗೀತ ಅಂತ ಉಳಿಸಬೇಕಾದದ್ದು ಯಾವುದು, ಸ್ಕೋರ್ ಓದಿಯೇ ತಿಳಿಯಬೇಕು. ನಿಮ್ಮ ಸಂಯೋಜಕಿ ನಿಮ್ಮ ಹತ್ತಿರವೇ ಇದ್ದಾರೆ. ಇದಕ್ಕಿಂತ ದೊಡ್ಡ ಭಾಗ್ಯ ಬೇರೆ ಇಲ್ಲ. ಇಂಜಿನಿಯರ್ ಮತ್ತು ಅವರು ಸ್ಕೋರ್ ಮುಂದಿಟ್ಟುಕೊಂಡು ಒಂದು ಸಂಜೆ ಕೂರಲಿ. ಎಲ್ಲಿ ಸಾಹಿತ್ಯ ಕೇಳಿಸಲೇಬೇಕು, ಎಲ್ಲಿ ಕೋರಸ್ ಬರೀ ಬಣ್ಣವಾಗಿ ಹಿಂದೆ ಇದ್ದರೆ ಸಾಕು, ಪ್ರತಿ ಪುಟದಲ್ಲೂ ಗುರುತು ಹಾಕಲಿ.

ಈಗ ಮೂರನೆಯವರ ಸಲಹೆ, ಕೋರಸ್ ಆಮೇಲೆ ಹಾಡಿಸುವುದು. ಸಿನಿಮಾ ಸಂಗೀತದಲ್ಲಿ ದಿನವೂ ಮಾಡುತ್ತಾರೆ. ಅಲ್ಲಿ ಎಲ್ಲರ ಕಿವಿಯಲ್ಲೂ ತಾಳ ತೋರಿಸುವ ಕ್ಲಿಕ್ ಸದ್ದು ಇರುತ್ತದೆ, ಹಾಡುವವರು ಹೆಡ್‌ಫೋನ್‌ಗೆ ಹಾಡಿ ಪಳಗಿದವರು. ನಿಮಗೆ 60 ಹೆಡ್‌ಫೋನ್ ಬೇಕು. ಹೆಡ್‌ಫೋನ್ ಹಾಕಿದ ಹವ್ಯಾಸಿಗಳಿಗೆ ಪಕ್ಕದವರ ದನಿ ಕೇಳಿಸುವುದಿಲ್ಲ, ಶ್ರುತಿ ಜಾರುತ್ತದೆ. ಒಂದು ಕಿವಿ ಬಿಟ್ಟರೆ ಕ್ಲಿಕ್ ಸದ್ದು ಸೋರಿ ಮೈಕ್‌ಗೆ ಬೀಳುತ್ತದೆ. ಇದೆಲ್ಲಕ್ಕಿಂತ ಮುಖ್ಯ, ಕಂಡಕ್ಟರ್ ಒಂದು ಕಡೆ ಉಸಿರು ಬಿಟ್ಟು ನಿಧಾನಿಸಿದಾಗ ಆರ್ಕೆಸ್ಟ್ರಾ ಮತ್ತು ಕೋರಸ್ ಒಟ್ಟಿಗೆ ನಿಧಾನಿಸುತ್ತವಲ್ಲ, ಅದು ಹೋಗಿಬಿಡುತ್ತದೆ. ಲಾಭ ಇಲ್ಲದಿಲ್ಲ. ಕೋರಸ್ ಸ್ವಚ್ಛವಾಗಿ ಸಿಗುತ್ತದೆ, ಸಾಹಿತ್ಯ ಗ್ಯಾರಂಟಿ ಕೇಳಿಸುತ್ತದೆ. ಒಂದೇ ಲಯದಲ್ಲಿ ಓಡುವ ಕೃತಿಯಾದರೆ ಯೋಚಿಸಬಹುದು. ನಿಮಗೆ ನಾನು ಇದನ್ನು ಹೇಳುವುದಿಲ್ಲ.

ಕಾರ್ಯಕ್ರಮವನ್ನೇ ರೆಕಾರ್ಡ್ ಮಾಡಿ, ಮಾರನೆಯ ದಿನ ಕೆಟ್ಟ ಜಾಗಗಳನ್ನು ಮತ್ತೆ ಹಾಡಿ ತೇಪೆ ಹಾಕುವುದು ಇನ್ನೊಂದು ದಾರಿ. ಅಗ್ಗ. ಜನರ ಮುಂದೆ ಹಾಡುವಾಗಿನ ಬಿಸಿಯೂ ಸಿಗುತ್ತದೆ. ಆದರೆ ನೀವು ಮತ್ತೆ ಆರ್ಕೆಸ್ಟ್ರಾ ಹಿಂದೆಯೇ ನಿಲ್ಲಬೇಕಾಗುತ್ತದೆ. ಕೆಮ್ಮು ಬರುತ್ತದೆ. ಇನ್ನೊಂದು ವಿಷಯ ಯಾರೂ ಮೊದಲೇ ಹೇಳುವುದಿಲ್ಲ. ಜನ ತುಂಬಿದ ಚರ್ಚ್ ದನಿಯನ್ನು ಹೀರುತ್ತದೆ, ಖಾಲಿ ಚರ್ಚ್ ಹೀರುವುದಿಲ್ಲ. ರಾತ್ರಿಯ ಟೇಕ್‌ನ (ಒಂದು ಸಲ ಹಾಡಿ ಹಿಡಿದ ರೆಕಾರ್ಡಿಂಗ್‌ನ) ಬಾಲ ಚಿಕ್ಕದು, ಬೆಳಗಿನ ಟೇಕ್‌ನ ಬಾಲ ಉದ್ದ. ಎರಡನ್ನೂ ಕತ್ತರಿಸಿ ಜೋಡಿಸಿದರೆ ಜೋಡಿಸಿದ ಗುರುತು ಕಿವಿಗೆ ಬೀಳುತ್ತದೆ. ಬೆಂಚುಗಳ ಮೇಲೆ ದಪ್ಪ ಕಂಬಳಿ ಹಾಸಿದರೆ ಒಂದಷ್ಟು ಕಡಿಮೆಯಾಗುತ್ತದೆ. ಸೆಷನ್ ಮಾಡಿದರೂ ಕಂಬಳಿ ಹಾಸಿ, ನಿಮ್ಮ ಚರ್ಚ್‌ಗೆ ಅದು ಬೇಕು.

ನನ್ನ ಸಲಹೆ ಇದು. ಹೊಸ ಕೃತಿಗೆ ಸೆಷನ್ ಮಾಡಿ, ‘ಚಿಚೆಸ್ಟರ್ ಸಾಮ್ಸ್’ ಅನ್ನು ಆಲ್ಬಮ್‌ನಿಂದ ಬಿಡಿ. ಕಾರ್ಯಕ್ರಮದಲ್ಲಿ ಖಂಡಿತ ಹಾಡಿ, ಎಷ್ಟು ಚೆಂದದ ಕೃತಿ ಅದು. ಆದರೆ 1965ರಲ್ಲಿ ಬರ್ನ್‌ಸ್ಟೈನ್ ತಾವೇ ನ್ಯೂಯಾರ್ಕ್ ಫಿಲ್‌ಹಾರ್ಮೋನಿಕ್ ಜೊತೆ ರೆಕಾರ್ಡ್ ಮಾಡಿದ್ದಾರೆ, ಆಮೇಲೆ ಬಂದ ರೆಕಾರ್ಡಿಂಗ್‌ಗಳಿಗೆ ಲೆಕ್ಕವಿಲ್ಲ. ನಿಮ್ಮ ಹೊಸ ಕೃತಿಗೆ ಒಂದೂ ಇಲ್ಲ. ಅದರ ಮೊದಲ ರೆಕಾರ್ಡಿಂಗ್ ನಿಮ್ಮದೇ ಆಗುತ್ತದೆ. ಬೇರೆ ಊರಿನ ಕಂಡಕ್ಟರ್ ಅದನ್ನು ಕೇಳಿಯೇ ಹಾಡಬೇಕೋ ಬೇಡವೋ ತೀರ್ಮಾನಿಸುತ್ತಾರೆ. ಅಮೆರಿಕದಲ್ಲಿ ಹೊಸ ಸಂಗೀತ ಉಳಿದದ್ದು ಹೀಗೇ. ಕೆಂಟಕಿಯ ಲೂಯಿವಿಲ್ ಆರ್ಕೆಸ್ಟ್ರಾ ಯಾವ ದೊಡ್ಡ ನಗರದ್ದೂ ಅಲ್ಲ. ಕಂಡಕ್ಟರ್ ರಾಬರ್ಟ್ ವಿಟ್ನಿ ಮತ್ತು ಊರಿನ ಮೇಯರ್ ಚಾರ್ಲ್ಸ್ ಫಾರ್ನ್ಸ್‌ಲಿ ಸೇರಿ 1948ರಲ್ಲಿ ಹೊಸ ಕೃತಿ ಬರೆಸಲು ಶುರು ಮಾಡಿದರು. 1953ರಲ್ಲಿ ರಾಕ್‌ಫೆಲ್ಲರ್ ಫೌಂಡೇಶನ್ 4 ಲಕ್ಷ ಡಾಲರ್ ಕೊಟ್ಟಿತು. ಅವರು ತಮ್ಮದೇ ಲೇಬಲ್‌ನಲ್ಲಿ ಹಾಕಿದ ರೆಕಾರ್ಡ್‌ಗಳಿಲ್ಲದಿದ್ದರೆ ಎಷ್ಟೋ ಕೃತಿಗಳನ್ನು ಇವತ್ತು ಕೇಳುವುದಕ್ಕೇ ಆಗುತ್ತಿರಲಿಲ್ಲ. 1954ರಲ್ಲಿ ಹುಟ್ಟಿದ ಕಂಪೋಸರ್ಸ್ ರೆಕಾರ್ಡಿಂಗ್ಸ್ ಕಂಪನಿ 2003ರಲ್ಲಿ ಮುಚ್ಚಿತು. ಆದರೂ ಅದರ ಸಂಗ್ರಹ ನ್ಯೂ ವರ್ಲ್ಡ್ ರೆಕಾರ್ಡ್ಸ್‌ಗೆ ಹೋಗಿ ಉಳಿದುಕೊಂಡಿತು.

ಹವ್ಯಾಸಿಗಳಿಂದ ಅಂಥದ್ದು ಆಗಲ್ಲ ಅಂದುಕೊಳ್ಳಬೇಡಿ. ವಿಲಿಯಂ ಬೋಲ್ಕಮ್ ಅವರು ವಿಲಿಯಂ ಬ್ಲೇಕ್ ಕವಿತೆಗಳಿಗೆ ಬರೆದ ಬೃಹತ್ ಕೃತಿಯನ್ನು 2004ರಲ್ಲಿ ಮಿಶಿಗನ್‌ನ ಆ್ಯನ್ ಆರ್ಬರ್‌ನಲ್ಲಿ ಲಿಯೊನಾರ್ಡ್ ಸ್ಲ್ಯಾಟ್ಕಿನ್ ನಡೆಸಿದರು. ವಿಶ್ವವಿದ್ಯಾಲಯದ ವಿದ್ಯಾರ್ಥಿ ಆರ್ಕೆಸ್ಟ್ರಾ, ಮಕ್ಕಳ ಕೋರಸ್, ಊರಿನ ಕೋರಸ್ ಎಲ್ಲ ಸೇರಿ ವೇದಿಕೆಯ ಮೇಲೆ 400ಕ್ಕೂ ಹೆಚ್ಚು ಜನ. ಆ ರೆಕಾರ್ಡಿಂಗ್‌ಗೆ 2006ರಲ್ಲಿ ಗ್ರ್ಯಾಮಿ ಪ್ರಶಸ್ತಿಗಳು ಬಂದವು.

ಇನ್ನು ಅನುಮತಿ. ಇಲ್ಲಿ ನಿಮಗೆ ಯಾರೋ ಹೇಳಿದ್ದು ಅರ್ಧ ಸತ್ಯ, ಮತ್ತು ಅಪಾಯದ ಅರ್ಧ. ಅಮೆರಿಕದ ಕಾನೂನಿನಲ್ಲಿ ಕಡ್ಡಾಯ ಲೈಸೆನ್ಸ್ ಅಂತ ಒಂದಿದೆ. ಒಂದು ಕೃತಿ ಹಕ್ಕುದಾರರ ಒಪ್ಪಿಗೆಯಿಂದ ಒಮ್ಮೆ ರೆಕಾರ್ಡ್ ಆಗಿ ಜನರ ಕೈಗೆ ಬಂದಿದ್ದರೆ, ಆಮೇಲೆ ಯಾರು ಬೇಕಾದರೂ ನಿಗದಿಯಾದ ದರ ಕಟ್ಟಿ, ಕ್ರಮ ಪಾಲಿಸಿ ರೆಕಾರ್ಡ್ ಮಾಡಬಹುದು. 2023ರಲ್ಲಿ ಆ ದರ ಒಂದು ಪ್ರತಿಗೆ 12 ಸೆಂಟ್, 5 ನಿಮಿಷಕ್ಕಿಂತ ಉದ್ದವಾದರೆ ನಿಮಿಷಕ್ಕೆ 2.31 ಸೆಂಟ್ ಇತ್ತು. ನಂತರ ಬೆಲೆ ಏರಿಕೆಗೆ ತಕ್ಕಂತೆ ಹೆಚ್ಚುತ್ತಿದೆ. ‘ಚಿಚೆಸ್ಟರ್ ಸಾಮ್ಸ್’ 19 ನಿಮಿಷದ ಆಸುಪಾಸು ಅಂದರೆ 2023ರ ದರದಲ್ಲಿ ಒಂದು ಸಿಡಿಗೆ ಸುಮಾರು 44 ಸೆಂಟ್. ಅದಕ್ಕೆ ಈ ಮಾತು ಹೊಂದುತ್ತದೆ. ಹೊಸ ಕೃತಿಗೆ ಹೊಂದುವುದಿಲ್ಲ. ಮೊದಲ ರೆಕಾರ್ಡಿಂಗ್‌ಗೆ ಸಂಯೋಜಕಿ ಅಥವಾ ಅವರ ಪ್ರಕಾಶಕರ ಒಪ್ಪಿಗೆಯೇ ಬೇಕು. ನಮಗೆಂದೇ ಬರೆದದ್ದು ತಾನೇ ಅಂದರೆ ಸಾಲದು. ಬರೆಸಿದ ಮಾತ್ರಕ್ಕೆ ರೆಕಾರ್ಡಿಂಗ್ ಹಕ್ಕು ಬರುವುದಿಲ್ಲ. ಬಾಡಿಗೆಗೆ ತಂದ ಆರ್ಕೆಸ್ಟ್ರಾ ಪ್ರತಿಗಳಾದರೆ ಅದರ ಕರಾರಿನಲ್ಲೂ ರೆಕಾರ್ಡಿಂಗ್ ಬಗ್ಗೆ ಏನಿದೆ ನೋಡಿ. ವಿಡಿಯೋಗೆ ಈ ಕಡ್ಡಾಯ ಲೈಸೆನ್ಸ್ ಇಲ್ಲವೇ ಇಲ್ಲ, ಎರಡೂ ಕೃತಿಗೆ ಬೇರೆಯಾಗಿ ಕೇಳಬೇಕು.

ಕವಿಯ ವಿಷಯದಲ್ಲಿ ಇನ್ನೂ ಹುಷಾರು. ಎರಿಕ್ ವಿಟೇಕರ್ ರಾಬರ್ಟ್ ಫ್ರಾಸ್ಟ್ ಅವರ ಪ್ರಸಿದ್ಧ ಕವಿತೆಯೊಂದಕ್ಕೆ ಕೋರಸ್ ಕೃತಿ ಬರೆದರು. ಕವಿಯ ಹಕ್ಕು ನೋಡಿಕೊಳ್ಳುವವರು ಅನುಮತಿ ಕೊಡಲಿಲ್ಲ. ಕೊನೆಗೆ ಗೆಳೆಯ ಚಾರ್ಲ್ಸ್ ಆ್ಯಂಟನಿ ಸಿಲ್ವೆಸ್ಟ್ರಿ ಅದೇ ಸಂಗೀತಕ್ಕೆ ಹೊಸ ಪದಗಳನ್ನು ಬರೆದುಕೊಟ್ಟರು. ‘ಸ್ಲೀಪ್’ ಹುಟ್ಟಿದ್ದು ಹಾಗೆ. ಫ್ರಾಸ್ಟ್ ಕವಿತೆ 1923ರದ್ದು, 2019ರಲ್ಲಷ್ಟೇ ಹಕ್ಕಿನಿಂದ ಬಿಡುಗಡೆಯಾಯಿತು. ನಿಮ್ಮ ಕವಿಯ ಮನೆಯವರು ಅಥವಾ ಪ್ರಕಾಶಕರು ಸಂಯೋಜಕಿಗೆ ಕೊಟ್ಟ ಪತ್ರ ತರಿಸಿ ಓದಿ. ಸಂಗೀತಕ್ಕೆ ಅಳವಡಿಸಲು ಒಪ್ಪಿಗೆ, ರೆಕಾರ್ಡಿಂಗ್‌ಗೆ ಒಪ್ಪಿಗೆ, ಸಿಡಿ ಪುಸ್ತಿಕೆಯಲ್ಲಿ ಕವಿತೆ ಅಚ್ಚು ಮಾಡಲು ಒಪ್ಪಿಗೆ, ಇವು ಬೇರೆ ಬೇರೆ. ಆರ್ಕೆಸ್ಟ್ರಾದಲ್ಲಿ ಮ್ಯುಸಿಶಿಯನ್ಸ್ ಯೂನಿಯನ್ ಸದಸ್ಯರಿದ್ದರೆ ರೆಕಾರ್ಡಿಂಗ್‌ಗೆ ಬೇರೆ ಕರಾರು, ಬೇರೆ ಸಂಬಳ. ಈ ಕಾಗದಗಳೆಲ್ಲ ಕೈಗೆ ಬರುವವರೆಗೆ ಚರ್ಚ್‌ಗೆ ಮುಂಗಡ ಕೊಡಬೇಡಿ.

ಸೆಷನ್ ದಿನದ ಬಗ್ಗೆ ಕೆಲವು ಮಾತು. 3 ಗಂಟೆಯ ಸೆಷನ್‌ಗೆ ಹವ್ಯಾಸಿ ಕೋರಸ್ ಜೊತೆ 10 ನಿಮಿಷದ ಸಂಗೀತ ಮುಗಿಸಿದರೆ ನಾನು ಸಂತೋಷಪಡುತ್ತೇನೆ. ನಿಮ್ಮ 25 ನಿಮಿಷಕ್ಕೆ ಮೂರು ಸೆಷನ್, ಎರಡು ದಿನ. ಸೊಪ್ರಾನೋಗಳ ಎತ್ತರದ ಪುಟಗಳನ್ನು ಬೆಳಗಿನ ಎರಡನೇ ಗಂಟೆಗೆ ಇಡಿ. ಆಗ ಗಂಟಲು ಬಿಸಿಯಾಗಿರುತ್ತದೆ, ದಣಿದಿರುವುದಿಲ್ಲ. ಪದದ ಕೊನೆಯ ‘ಸ್’ ಅನ್ನು ಪ್ರತಿ ಸಾಲಿನಲ್ಲಿ ಇಬ್ಬರು ಮೂವರು ಮಾತ್ರ ಹೇಳಲಿ. 60 ಜನ ಹೇಳಿದರೆ ಹಾವು ಬುಸುಗುಟ್ಟಿದ ಹಾಗಾಗುತ್ತದೆ. ಹಾಳೆಗಳನ್ನು ತಿರುಗಿಸುವ ಸದ್ದು ಬಾರದಂತೆ ಎಲ್ಲಿ ತಿರುಗಿಸಬೇಕು ಅಂತ ಮೊದಲೇ ಒಪ್ಪಿಕೊಳ್ಳಿ.

ಮುಂಗಡ ಕೊಡುವ ಮೊದಲು, ಸೆಷನ್ ಇಟ್ಟುಕೊಳ್ಳುವ ವಾರದ ಅದೇ ದಿನ, ಅದೇ ಹೊತ್ತಿಗೆ ಖಾಲಿ ಚರ್ಚ್‌ನಲ್ಲಿ ಹತ್ತು ನಿಮಿಷ ಸುಮ್ನೆ ಕೂತು ಕೇಳಿ. ರಸ್ತೆಯ ಟ್ರಕ್, ಪಕ್ಕದ ಶಾಲೆಯ ಬೆಲ್, ದೀಪಗಳ ಗುಂಯ್, ಎಲ್ಲ ಬರೆದುಕೊಳ್ಳಿ. ಹೀಟಿಂಗ್ ನಿಲ್ಲಿಸಿ ಇನ್ನೊಮ್ಮೆ ಕೇಳಿ. ಮ್ಯಾಸಚೂಸೆಟ್ಸ್‌ನ ಏಪ್ರಿಲ್‌ನಲ್ಲಿ ಹೀಟಿಂಗ್ ನಿಲ್ಲಿಸಿದರೆ ಒಂದು ಗಂಟೆಯಲ್ಲಿ ಕಲ್ಲಿನ ಕಟ್ಟಡ ತಣ್ಣಗಾಗುತ್ತದೆ. ತಣ್ಣಗಾದರೆ ಕೊಳಲು, ಕ್ಲಾರಿನೆಟ್ ಶ್ರುತಿ ಇಳಿಯುತ್ತದೆ, ಲೋಹದ ಪಟ್ಟಿಗಳ ವೈಬ್ರಫೋನ್ ಇಳಿಯುವುದಿಲ್ಲ. ಹಾಗಾಗಿ ಬ್ರೇಕ್‌ನಲ್ಲಿ ಹೀಟಿಂಗ್ ಹಾಕಿ, ಟೇಕ್‌ಗೆ ಮುಂಚೆ ನಿಲ್ಲಿಸಲು ಒಬ್ಬರನ್ನು ಅಲ್ಲೇ ನಿಲ್ಲಿಸಿ. ಸಾಧ್ಯವಿದ್ದರೆ ದಿನಾಂಕವನ್ನೇ ಮೇ ಕೊನೆಗೆ ತಳ್ಳಿ. ಇಂಜಿನಿಯರ್ ಪಕ್ಕದಲ್ಲಿ ಸ್ಕೋರ್ ಹಿಡಿದು, ಯಾವ ಟೇಕ್‌ನಲ್ಲಿ ಸ್ಕೋರ್‌ನ ಯಾವ ಬಾರ್ (ತಾಳದ ಒಂದು ಸುತ್ತು) ಸರಿಬಂತು ಅಂತ ಬರೆದುಕೊಳ್ಳುವ ಒಬ್ಬರು ಇರಲೇಬೇಕು. ಕಂಡಕ್ಟರ್‌ಗೆ ಆ ಕೆಲಸ ಆಗುವುದಿಲ್ಲ. ಮೈಕ್ ಬಾಡಿಗೆಯಲ್ಲಿ ಉಳಿಸಿದ ದುಡ್ಡನ್ನು ಆ ಮನುಷ್ಯನಿಗೆ ಕೊಡಿ.